ಎಡಕ್ಕೆ ನಿಂತ ಗೋಪುರ

ಪರದೆಯಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೆಸರು ಬೇರೆಯೇ ಇತ್ತು; ಅಣ್ಣನ ಫೋಟೋ ಸ್ಟುಡಿಯೋಗೆ ಪರದೆ ಬರೆದೂ ಬರೆದೂ ಗಿರಾಕಿಗಳ ಬಾಯಲ್ಲಿ ಹೀಗಾಗಿದ್ದ. ಮೂವತ್ತು ವರ್ಷದಿಂದ ಅಲ್ಲಿ ಒಂದೇ ಪರದೆ, ಒಂದು ಕ್ಯಾಲೆಂಡರಿನ ಚಿತ್ರ ನೋಡಿ ಬರೆದದ್ದು. ದೂರದೇಶದ ನದಿ, ಕಲ್ಲಿನ ಸೇತುವೆ, ಎಡಕ್ಕೆ ಎತ್ತರದ ಗೋಪುರ, ಹಿಂದೆ ಹಿಮದ ಬೆಟ್ಟ. ಹೊಸ ಜೋಡಿಗಳು, ಆಗತಾನೆ ಹಲ್ಲು ಬಂದ ಕೂಸುಗಳು, ಊರಿನ ಅರ್ಧ ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಬಣ್ಣ ಮಾಸಿದಾಗಲೆಲ್ಲ ಪರದೆಯಪ್ಪ ಏಣಿ ಹತ್ತಿ ಕುಂಚ ಆಡಿಸುತ್ತಿದ್ದ. ಏಣಿ ಹಿಡಿಯುತ್ತಿದ್ದವನು ಅಣ್ಣ.

ಈ ವರ್ಷ ಅಣ್ಣ ಆ ಪರದೆಯ ಜಾಗಕ್ಕೆ ಅಚ್ಚು ಹಾಕಿಸಿದ ಹೊಸ ಬಟ್ಟೆ ತಂದ. ಮಾತಿಗೆ ಮಾತು ಬೆಳೆದು ಅವನ ನಾಲಿಗೆ ಜಾರಿತು.

“ನಿನ್ನ ಗೋಪುರ ತಪ್ಪು ಕಡೆ ನಿಂತಿದೆ ಕಣೋ. ಅದು ಇರೋದು ಬಲಕ್ಕೆ. ಬೇಕಾದ್ರೆ ಫೋನಲ್ಲಿ ನೋಡು.”

“ಫೋನು ಏನು ಬೇಕಾದ್ರೂ ತೋರ್ಸುತ್ತೆ. ನಾನೇ ಹೋಗಿ ನೋಡ್ಕೊಂಡು ಬರ್ತೀನಿ. ನನ್ನದು ಸರಿ ಇದ್ರೆ ಪರದೆ ಅಲ್ಲೇ ಇರ್ಬೇಕು. ತಪ್ಪಾಗಿದ್ರೆ ನನ್ನ ಕೈಯಾರೆ ಬಿಚ್ಚಿ ಹಾಕ್ತೀನಿ.”

ಒಬ್ಬನೇ ವಿಮಾನ ಹತ್ತಿದ. ಹೋಗಿ ನೋಡಿದರೆ ಪಿತ್ತ ನೆತ್ತಿಗೇರಿತು. ಅವನು ಜೇನಿನ ಬಣ್ಣ ಬಳಿದಿದ್ದ ಗೋಪುರ ಮಸಿ ಹಿಡಿದಿತ್ತು. ರಿಪೇರಿಯೆಂದು ಅರ್ಧಕ್ಕೆ ಹಸಿರು ಬಲೆ ಬೇರೆ. ನದಿಯೋ ಪಾತ್ರೆ ತೊಳೆದ ನೀರು. ಬಂದವರೆಲ್ಲ ಗೋಪುರಕ್ಕೆ ಬೆನ್ನು ಹಾಕಿ ತಮ್ಮ ಫೋಟೋ ತೆಗೆದುಕೊಳ್ಳುತ್ತಿದ್ದರು. ಬೆನ್ನು ತೋರಿಸುವುದಕ್ಕೆ ಇಷ್ಟು ದೂರ ಏಕೆ ಬರಬೇಕು, ನಮ್ಮ ಸ್ಟುಡಿಯೋಗೆ ಬಂದಿದ್ದರೆ ಸಾಲದೇ ಎಂದು ಗೊಣಗಿದ.

ಆದರೆ ಗೋಪುರ ಇದ್ದದ್ದು ಬಲಕ್ಕೇ. ಸೇತುವೆ ದಾಟಿ ಆಚೆ ದಡದಿಂದ ನೋಡಿದ. ಗೋಪುರ ಎಡಕ್ಕೆ ಬಂತು, ನಿಜ. ಆದರೆ ಬೆಟ್ಟ ಅವನ ಬೆನ್ನ ಹಿಂದಾಯಿತು. ಮತ್ತೆ ಈಚೆಗೆ ಬಂದ. ಮೂರು ಸಲ ದಾಟಿದ ಮೇಲೆ ನೆನಪಾಯಿತು. ಆ ಕ್ಯಾಲೆಂಡರ್ ಪಕ್ಕದ ಅಂಗಡಿಯದು, ಸಂಜೆಯೊಳಗೆ ವಾಪಸ್ ಕೊಡಬೇಕಿತ್ತು. ಚಿತ್ರದ ಮೇಲೆ ಪೆನ್ಸಿಲಿನ ಒತ್ತು ಬೀಳಬಾರದೆಂದು ಅದನ್ನು ಮಗುಚಿ ಕಿಟಕಿ ಗಾಜಿಗೆ ಅಂಟಿಸಿ, ಮೇಲೊಂದು ತೆಳು ಕಾಗದವಿಟ್ಟು ಬೆಳಕಿನಲ್ಲಿ ಹಿಂಬದಿಯಿಂದ ಗೆರೆ ಎತ್ತಿದ್ದ. ಚಿತ್ರವೇ ತಿರುವುಮುರುವಾಗಿತ್ತು.

ಇನ್ನೊಂದೂ ಹೊಳೆಯಿತು. ಆ ಕ್ಯಾಲೆಂಡರನ್ನು ಅಣ್ಣನೂ ನೋಡಿದ್ದ; ದಿನವಿಡೀ ನೆಗೆಟಿವ್ ತಿರುಗಿಸಿ ಮಗುಚಿ ನೋಡುವವನಿಗೆ ಇದು ಕಾಣದೇ ಇದ್ದೀತೇ? ಸೇತುವೆಯ ಮೇಲಿಂದಲೇ ಫೋನ್ ಮಾಡಿದ.

“ಗೋಪುರ ಬಲಕ್ಕಿದೆ.”

“ಹೇಳಿದ್ನಲ್ಲ.”

“ನಿನಗೆ ಯಾವಾಗಿಂದ ಗೊತ್ತು?”

“ನೀನು ಬರೆದು ಮುಗಿಸಿದ ದಿನದಿಂದ. ಅಷ್ಟು ಖುಷೀಲಿ ಏಣಿ ಇಳಿದು ಬಂದೆ, ಹೇಳೋಕೆ ಮನಸ್ಸಾಗ್ಲಿಲ್ಲ. ನಮ್ಮೂರಿಂದ ಅಲ್ಲಿಗೆ ಯಾರು ಹೋಗಿ ನೋಡ್ತಾರೆ ಅಂತ ಸುಮ್ಮನಾದೆ.”

ಪರದೆಯಪ್ಪನ ಮೈಯೆಲ್ಲ ಉರಿಯಿತು. ತಪ್ಪು ಮಾಡಿದ್ದನ್ನಾದರೂ ನುಂಗಿಕೊಂಡಾನು. ಮೂವತ್ತು ವರ್ಷ ತಾನು ಅದೇ ತಪ್ಪಿಗೆ ಬಣ್ಣ ಬಳಿಯುತ್ತಿದ್ದಾಗ ಕೆಳಗೆ ನಿಂತು ನೋಡುತ್ತಿದ್ದನಲ್ಲ ಇವನು.

“ನಾನು ಬಂದಿದ್ದೀನಲ್ಲ,” ಅಂದ. “ಪರದೆ ಮುಟ್ಟಬೇಡ. ಮಾತು ಕೊಟ್ಟಿದ್ದೀನಿ, ನಾನೇ ಬಂದು ಬಿಚ್ತೀನಿ. ನೀನು ಏಣಿ ಹಿಡಿಯೋಕೂ ಬರಬೇಡ.”