ಮೂರನೇ ವರ್ಷಕ್ಕೆ ಎಂಟು ಮಷೀನು

ನಾನು ಬರೆದ ಸುಳ್ಳುಗಳಿಗೆ ಬ್ಯಾಂಕಿನ ಸೀಲು ಬೀಳುತ್ತಿತ್ತು. ಇದನ್ನು ಈಗ ಹೆಮ್ಮೆಯಿಂದ ಹೇಳುತ್ತಿಲ್ಲ, ಆದರೆ ಒಂದು ಕಾಲಕ್ಕೆ ಹೆಮ್ಮೆಯೇ ಇತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ಶಿವಾಜಿನಗರದಲ್ಲಿ ಒಬ್ಬ ಆಡಿಟರರ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಬಿ.ಕಾಂ. ಮುಗಿಸಿ, ಟೈಪಿಂಗ್ ಕಲಿತು, ಕಂಪ್ಯೂಟರ್ ಕೋರ್ಸನ್ನೂ ಮಾಡಿಕೊಂಡು ಜೀವನ್ ಬಿಮಾ ನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಕೆಳಗೆ ಸ್ಕೂಟರ್ ಬಿಡಿಭಾಗಗಳ ಅಂಗಡಿ, ಮೇಲೆ ನಾವು. ಸಣ್ಣಪುಟ್ಟ ಉದ್ಯೋಗ ಮಾಡುವವರು ಬ್ಯಾಂಕಿನಲ್ಲಿ ಸಾಲ ಕೇಳಬೇಕಾದರೆ ಪ್ರಾಜೆಕ್ಟ್ ರಿಪೋರ್ಟ್ ಎಂಬ ಹತ್ತು ಹನ್ನೆರಡು ಪುಟದ ಕಂತೆ ಕೊಡಬೇಕಿತ್ತು. ಉದ್ಯೋಗ ಈಗ ಹೇಗಿದೆ, ಸಾಲ ಬಂದರೆ ಮೊದಲ ವರ್ಷ ಎಷ್ಟು ಬೆಳೆಯುತ್ತದೆ, ಎರಡನೇ ವರ್ಷ ಎಷ್ಟು, ಐದನೇ ವರ್ಷಕ್ಕೆ ಎಲ್ಲಿಗೆ ಮುಟ್ಟುತ್ತದೆ, ಎಲ್ಲ ಅದರಲ್ಲಿರಬೇಕು. ಅದನ್ನು ತಯಾರಿಸುವುದು ನನ್ನ ಕೆಲಸ.

ತಯಾರಿಸುವುದು ಅಂದರೆ ಏನು ಮಹಾ! ಆಫೀಸಿನಲ್ಲಿ ಒಂದು ಫ್ಲಾಪಿ ಇತ್ತು. ಅದರಲ್ಲಿ ಯಾವನೋ ಊದುಬತ್ತಿ ಮಾಡುವವನ ಹಳೆಯ ರಿಪೋರ್ಟು. ಹೆಸರು ಬದಲಿಸಿ, ಊದುಬತ್ತಿ ಎಂದಿದ್ದ ಕಡೆ ಬೇಕರಿ ಅಂತಲೋ ವೆಲ್ಡಿಂಗ್ ಅಂತಲೋ ಹಾಕಿ, ಕೊನೆಯ ಪುಟದಿಂದ ಹಿಂದಕ್ಕೆ ಬರಬೇಕು. ಕಂತು ಕಟ್ಟಿದ ಮೇಲೂ ಇಷ್ಟು ಉಳಿಯಬೇಕು ಅಂತ ಬ್ಯಾಂಕು ಬಯಸುತ್ತದಲ್ಲ, ಅಷ್ಟು ಉಳಿಯಲು ಎಷ್ಟು ಮಾರಬೇಕು, ಅಷ್ಟು ಮಾರಲು ಎಷ್ಟು ಮಷೀನು ಬೇಕು, ಎಷ್ಟು ಜನ ಬೇಕು, ಹೀಗೆ ಕೆಳಗಿನಿಂದ ಮೇಲಕ್ಕೆ ಹತ್ತುತ್ತಾ ಹೋಗುವುದು. ಬೇಕರಿಯವನಾಗಲಿ ವೆಲ್ಡಿಂಗಿನವನಾಗಲಿ, ನಮ್ಮ ರಿಪೋರ್ಟಿನಲ್ಲಿ ಎಲ್ಲರೂ ಒಂದೇ ಓಟದಲ್ಲಿ ಉದ್ಧಾರವಾಗುತ್ತಿದ್ದರು. ಹೊಸದರಲ್ಲಿ ಒಮ್ಮೆ, "ಸರ್, ನಿಜವಾಗ್ಲೂ ಎಷ್ಟು ಮಾರ್ತೀರಿ ಅಂತ ಇವ್ರನ್ನ ಒಂದ್ ಮಾತು ಕೇಳ್ಬಾರ್ದಾ?" ಅಂದಿದ್ದೆ. ಆಡಿಟರು ಫೈಲಿನಿಂದ ತಲೆ ಕೂಡ ಎತ್ತಲಿಲ್ಲ.

"ಕೇಳಿದ್ರೆ ನಿಜ ಹೇಳ್ಬಿಡ್ತಾರಮ್ಮ. ಆಮೇಲೆ ಲೋನ್ ಹೆಂಗೆ ಬರುತ್ತೆ? ಬ್ಯಾಂಕ್‌ನೋರಿಗೂ ಗೊತ್ತು, ನಮಗೂ ಗೊತ್ತು. ಇದು ಫೈಲ್‌ಗೆ ಹಾಕೋ ಪೇಪರು, ಅಷ್ಟೇ."

ಅಲ್ಲಿಗೆ ನನ್ನ ಆತ್ಮಸಾಕ್ಷಿಯ ಕೆಲಸ ಮುಗಿಯಿತು. ಸಂಬಳವಂತೂ ತಪ್ಪದೆ ಬರುತ್ತಿತ್ತು.

ಮಾಸ್ಟರ್ ಬಂದದ್ದು ಆ ದಿನಗಳಲ್ಲಿ. ಹೊಲಿಗೆಯವರು, ಹಾಗಾಗಿ ಎಲ್ಲರಿಗೂ ಮಾಸ್ಟರ್. ಐವತ್ತರ ಹತ್ತಿರದ ವಯಸ್ಸು, ತಲೆಗೆ ಬಿಳಿ ಟೋಪಿ, ಕುತ್ತಿಗೆಯಲ್ಲಿ ಸದಾ ಅಳತೆ ಟೇಪು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರ ತಂದೆಯ ಕಾಲದಿಂದ ಬಂದ ಒಂದು ರೂಮು, ಬಾಡಿಗೆಯೂ ತಂದೆಯ ಕಾಲದ್ದೇ ಅನ್ನುವಷ್ಟು ಕಡಿಮೆ. ಎರಡು ಮಷೀನಿಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದರು. ಕಾಜಾ ತೆಗೆದು ಗುಂಡಿ ಹಾಕುವ ಕೆಲಸ ಅವರ ಹೆಂಡತಿ ಮತ್ತು ಅದೇ ಗಲ್ಲಿಯ ನಾಲ್ಕು ಹೆಂಗಸರದು, ಅವರವರ ಮನೆಯ ಹೊಸ್ತಿಲಲ್ಲೇ ಕೂತು. ಮೇ, ಜೂನ್‌ನಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಆಮೇಲೆ ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಹೇಗೋ ವರ್ಷ ತಳ್ಳುತ್ತಿದ್ದರು. ಇನ್ನೆರಡು ಮಷೀನಿಗೆ ಸಾಲ ಬೇಕು, ಅಷ್ಟೇ ಅವರ ಕೋರಿಕೆ.

ರಿಪೋರ್ಟಿನ ಪ್ರತಿ ಪುಟಕ್ಕೂ ಸಹಿ ಹಾಕಬೇಕಿತ್ತು. ಉಳಿದವರೆಲ್ಲ ಗಡಿಬಿಡಿಯಲ್ಲಿ ಪುಟ ಮಗುಚಿ ಸಹಿ ಗೀಚಿ ಹೋಗಿಬಿಡುತ್ತಿದ್ದರು. ಮಾಸ್ಟರ್ ಪೆನ್ನು ಕೆಳಗಿಟ್ಟರು.

"ಅಮ್ಮಾ, ನಂಗೆ ಇಂಗ್ಲಿಷ್ ಬರಲ್ಲ. ಏನ್ ಬರ್ದಿದೀರಿ ಅಂತ ಸ್ವಲ್ಪ ಹೇಳ್ತೀರಾ? ತಿಳ್ಕೊಳ್ದೆ ಸಹಿ ಹಾಕ್ಬಾರ್ದು ಅಂತ ನಮ್ಮ ಅಬ್ಬಾಜಾನ್ ಹೇಳ್ತಿದ್ರು."

ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನು ಒಂದೊಂದೇ ಪುಟ ಓದಿ ಕನ್ನಡದಲ್ಲಿ ಹೇಳಿದೆ. ಮೊದಲ ವರ್ಷ ನಾಲ್ಕು ಮಷೀನು. ಎರಡನೇ ವರ್ಷ ದೊಡ್ಡ ಷೆಡ್ಡಿಗೆ ಹೋಗುವುದು. ಮೂರನೇ ವರ್ಷಕ್ಕೆ ಎಂಟು ಮಷೀನು, ಹನ್ನೆರಡು ಜನ. ಆಮೇಲೆ ಹೋಟೆಲಿನವರ, ಆಸ್ಪತ್ರೆಯವರ ಯೂನಿಫಾರಂ ಆರ್ಡರು. ಅವರು ಕಣ್ಣು ಮಿಟುಕಿಸದೆ ಕೇಳಿಸಿಕೊಂಡರು. "ಎಂಟು ಮಷೀನಾ?" ಅಂದರು. "ಹೂಂ ಮಾಸ್ಟರ್, ಎಂಟು," ಅಂದೆ. "ಇಷ್ಟೆಲ್ಲ ನಾನು ಯೋಚ್ನೆನೇ ಮಾಡಿರ್ಲಿಲ್ಲಮ್ಮ. ಓದಿದೋರು ಅಂದ್ರೆ ಓದಿದೋರೇ," ಅಂದು ಪ್ರತಿ ಪುಟಕ್ಕೂ ನಿಧಾನವಾಗಿ ಸಹಿ ಹಾಕಿದರು.

ನನಗಾಗ ಇಪ್ಪತ್ತಮೂರು. ಅಂಥ ಮಾತನ್ನು ಯಾರೂ ನನಗೆ ಆಡಿರಲಿಲ್ಲ. ಮನೆಯಲ್ಲಿ ಅಪ್ಪ, ನಮ್ಮ ರಾಗಿ ಹೊಲವನ್ನು ಕಾಲೋನಿ ಕಟ್ಟಲು ತೆಗೆದುಕೊಂಡ ದಿನದಿಂದ ಜಗಲಿಯಲ್ಲಿ ಪೇಪರ್ ಓದುವುದನ್ನೇ ಉದ್ಯೋಗ ಮಾಡಿಕೊಂಡವರು, "ಇನ್ನೂ ಟೈಪೇ ಹೊಡೀತಿದೀಯಾ?" ಅಂತ ಮೂದಲಿಸುತ್ತಿದ್ದರು. ನಾನು ಉಬ್ಬಿಹೋದೆ. ಒಂದು ವಾರದ ಮೇಲೆ ಮಾಸ್ಟರ್ ಶಾಲೆಗೆ ಹೋಗುವ ಮಗಳನ್ನು ಕರೆದುಕೊಂಡು ಮತ್ತೆ ಬಂದು ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿಕೊಂಡು, ಅವಳ ಕೈಯಲ್ಲಿ ಕನ್ನಡದಲ್ಲಿ ಬರೆಸಿಕೊಂಡು ಹೋದರು. ಆಮೇಲೆ ಅವರ ರೂಮಿಗೆ ಹೋದಾಗ ನೋಡುತ್ತೇನೆ, ಬಟ್ಟೆ ಕತ್ತರಿಸುವ ಮೇಜಿನ ಮೇಲುಗಡೆ ಗೋಡೆಗೆ ದೊಡ್ಡ ಡ್ರಾಯಿಂಗ್ ಶೀಟು. ಒಂದನೇ ವರ್ಷ, ಎರಡನೇ ವರ್ಷ, ಮೂರನೇ ವರ್ಷ, ದುಂಡಗಿನ ಅಕ್ಷರಗಳಲ್ಲಿ. ನನ್ನ ಊದುಬತ್ತಿಯವನ ಭವಿಷ್ಯವನ್ನು ಈ ಮನುಷ್ಯ ತನ್ನದೆಂದು ಗೋಡೆಗೆ ಅಂಟಿಸಿಕೊಂಡಿದ್ದ. ಆಫೀಸಿಗೆ ಬಂದು ಹೇಳಿದೆ. ಆಡಿಟರು ನಕ್ಕರು. ಹೇಳಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ.

ಸಾಲ ಬಂತು. ಮೊದಲ ವರ್ಷ ಎಲ್ಲ ಬರೆದ ಹಾಗೇ ನಡೆಯಿತು, ಅದೇ ಕೆಟ್ಟದ್ದಾಯಿತು. ಬೆನ್ಸನ್ ಟೌನಿನ ಒಂದು ಶಾಲೆ, ಇಂದಿರಾನಗರದ ಎರಡು ಶಾಲೆ ಹೊಸದಾಗಿ ಸಿಕ್ಕವು. ನಾಲ್ಕು ಮಷೀನೂ ಓಡಿದವು. ಗೋಡೆಯ ಶೀಟಿನಲ್ಲಿ ಮೊದಲ ವರ್ಷದ ಪಕ್ಕ ಟೈಲರ್ ಸೀಮೆಸುಣ್ಣದ ನೀಲಿ ಗುರುತು ಬಿತ್ತು. ರಂಜಾನ್ ಹಬ್ಬಕ್ಕೆ ನಮ್ಮ ಆಫೀಸಿಗೆ ಶೀರ್ ಖುರ್ಮಾ ಪಾಯಸ ಬಂತು. ಗಲ್ಲಿಯ ಬೇರೆಯವರನ್ನೂ ಕರೆತಂದು, "ಈ ಮೇಡಮ್ ಬರ್ದಿದ್ದು ಹಂಗೇ ಆಗುತ್ತೆ ನೋಡಿ," ಅನ್ನುತ್ತಿದ್ದರು. ಅವರು ಬೆಂಚಿನ ಮೇಲೆ ಕೂತು ನನ್ನನ್ನು ಗೌರವದಿಂದ ನೋಡುತ್ತಿದ್ದರು. ನಾನು ಸುಮ್ಮನೆ ಬೆರಳಾಡಿಸುತ್ತಾ ಇನ್ನೊಬ್ಬರ ಮೂರನೇ ವರ್ಷವನ್ನು ಟೈಪು ಮಾಡುತ್ತಿದ್ದೆ.

ಎರಡನೇ ವರ್ಷ ಒಂದು ಮಧ್ಯಾಹ್ನ ಬಂದರು. ಆ ದಿನವೂ ಅವರ ಜೊತೆ ಬಂದಿದ್ದ ಇಬ್ಬರು ಬೆಂಚಿನ ಮೇಲಿದ್ದರು.

"ಅಮ್ಮಾ, ಈ ವರ್ಷ ಷೆಡ್ಡು ಅಂತಿದೆಯಲ್ಲ. ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ಕಡೆ ಒಂದು ನೋಡಿದೀನಿ. ಒಂದೇ ಅನುಮಾನ. ಪೇಪರ್‌ನಲ್ಲಿ ಬಾಡಿಗೆ ಒಂದೇ ಬರ್ದಿದೀರಿ. ಹಂಗಾದ್ರೆ ರೂಮ್ ಬಿಡ್ಬೇಕಾ? ನಮ್ಮ ಮನೆಯಾಕೆ ಬೇಡ್ವೇ ಬೇಡ ಅಂತಾಳೆ. ಷೆಡ್ಡು ಹೋದ್ರೆ ಇನ್ನೊಂದು ಸಿಗುತ್ತೆ, ಇದು ಹೋದ್ರೆ ಸಿಗಲ್ಲ ಅಂತಾಳೆ. ಕಾಜಾ ಹಾಕೋಳು, ಅವ್ಳಿಗೇನು ಗೊತ್ತಾಗುತ್ತೆ. ನೀವು ಹೇಳಿ."

ರಿಪೋರ್ಟಿನಲ್ಲಿ ಬಾಡಿಗೆ ಒಂದೇ ಇದ್ದದ್ದು ಯಾಕೆಂದರೆ ಆ ಊದುಬತ್ತಿಯವನಿಗೆ ಇದ್ದದ್ದು ಒಂದೇ ಜಾಗ. ಇದು ನನಗೆ ಆ ಕ್ಷಣದಲ್ಲೇ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು, ಅದೂ ಆ ಇಬ್ಬರ ಎದುರಿಗೆ. ಮಾಸ್ಟರ್ ಮೇಜಿನ ಅಂಚಿಗೆ ಕೈಯಿಟ್ಟು ಕಾಯುತ್ತಿದ್ದರು.

"ಹೌದು ಮಾಸ್ಟರ್, ಒಂದೇ ಬಾಡಿಗೆ. ಎರಡೆರಡು ಕಡೆ ಯಾಕೆ ಕಟ್ತೀರಿ?" ಅಂದೆ. ಎಂಥ ಗತ್ತು ನನ್ನ ದನಿಯಲ್ಲಿ! ಇವತ್ತಿಗೂ ಆ ದನಿ ಕಿವಿಯಲ್ಲಿದೆ, ಕೇಳಿದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ರೂಮು ಬಿಟ್ಟರು. ಅದರ ಮಾಲೀಕ ಎಷ್ಟೋ ವರ್ಷಗಳಿಂದ ಅದಕ್ಕೇ ಕಾಯುತ್ತಿದ್ದವನು, ತಿಂಗಳೊಳಗೆ ಬಾಗಿಲಿಗೆ ಷಟರ್ ಹಾಕಿಸಿ ಹತ್ತು ಪಟ್ಟು ಬಾಡಿಗೆಗೆ ಮೊಬೈಲ್ ಅಂಗಡಿಯವನಿಗೆ ಕೊಟ್ಟ.

ಮೂರನೇ ವರ್ಷ ಒಂದು ದಿನ ರಜೆ ಹಾಕಿ ಷೆಡ್ಡಿಗೆ ಹೋಗಿದ್ದೆ. ಯಾಕೆ ಹೋದೆನೋ ಗೊತ್ತಿಲ್ಲ. ಕರೆಂಟು ಹೋಗಿತ್ತು. ಮಾಸ್ಟರ್ ಬಾಗಿಲ ಬೆಳಕಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ಹೊಸ ನಾಲ್ಕು ಮಷೀನನ್ನು ಕಂತಿನ ಮೇಲೆ ತಂದಿದ್ದರು. ಅವುಗಳಲ್ಲಿ ಮೂರಕ್ಕೆ ಹಳೆಯ ಬೆಡ್‌ಶೀಟು ಹೊದಿಸಿತ್ತು. ಗಲ್ಲಿಯ ಹೆಂಗಸರು ಅಷ್ಟು ದೂರ ಬರಲು ಒಪ್ಪಲಿಲ್ಲವಂತೆ, ಅವರಿಗೂ ಮನೆ ಮಕ್ಕಳಿಲ್ಲವೇ. ಕಾಜಾಕ್ಕೂ ತಿಂಗಳ ಸಂಬಳದವರನ್ನು ಇಟ್ಟುಕೊಂಡಿದ್ದರು, ಅವರಲ್ಲಿ ಅರ್ಧ ಜನ ಕೆಲಸವಿಲ್ಲದೆ ಕೂತಿದ್ದರು. ಶಿವಾಜಿನಗರದಲ್ಲಾದರೆ ಮಾರ್ಕೆಟ್ಟಿನಲ್ಲಿ ಬಟ್ಟೆ ಕೊಂಡವರು ಹಾಗೇ ಗಲ್ಲಿಗೆ ಬಂದು ಅಳತೆ ಕೊಟ್ಟು ಹೋಗುತ್ತಿದ್ದರು. ಒಂದು ಚಡ್ಡಿ ಹೊಲಿಸಲು ಟಿನ್ ಫ್ಯಾಕ್ಟರಿಯ ಆ ಬಸ್ಸುಗಳ ನಡುವೆ ನುಗ್ಗಿ ಯಾರು ಬರುತ್ತಾರೆ? ಇಂದಿರಾನಗರದ ಎರಡು ಶಾಲೆಯವರೂ ಯೂನಿಫಾರಮ್ಮನ್ನು ಸಗಟು ರೆಡಿಮೇಡಿನವರಿಗೆ ಕೊಟ್ಟುಬಿಟ್ಟಿದ್ದರು. ಹಳೆಯ ರೂಮಿನಲ್ಲಾಗಿದ್ದರೆ ಜಿಪ್ಪು ಬದಲಿಸಿಕೊಂಡು ಹೇಗೋ ಒಂದು ವರ್ಷ ಕಳೆಯಬಹುದಿತ್ತು.

"ಕೆಲಸ ಇಲ್ದೇ ಇದ್ರೂ ಇಷ್ಟು ಜನ ಯಾಕೆ ಮಾಸ್ಟರ್?" ಅಂದೆ.

"ಹನ್ನೆರಡು ಅಂತಿದೆಯಲ್ಲಮ್ಮ. ಇನ್ನೂ ಒಂಬತ್ತೇ ಆಗಿದಾರೆ."

ಗೋಡೆಯ ಮೇಲೆ ಅದೇ ಶೀಟಿತ್ತು. ನಾನು, "ಸರಿ ಹೋಗುತ್ತೆ ಬಿಡಿ," ಅಂದೆ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ನನ್ನ ಬಸ್ಸು ಮೂರು ಸಲ ಬಂದು ಹೋದರೂ ಹತ್ತಲಿಲ್ಲ. ವಾಪಸು ಹೋಗಿ ಹೇಳಿಬಿಡಲೇ ಅಂತ ನಿಂತಿದ್ದೆ. ನಾಲ್ಕನೇ ಬಸ್ಸು ಹತ್ತಿ ಮನೆಗೆ ಹೋದೆ.

ಷೆಡ್ಡು ಮುಚ್ಚಿದ ಸುದ್ದಿ ಬೇರೆಯವರಿಂದ ಬಂತು. ಮಷೀನುಗಳು ಕಂತಿಗೂ ಸಾಲಕ್ಕೂ ಹೋದವು, ಒಂದು ಹಳೆಯದು ಉಳಿಯಿತು. ಸ್ವಲ್ಪ ದಿನ ಕಳೆದು ಮಾಸ್ಟರೇ ಆಫೀಸಿಗೆ ಬಂದರು. ಕುತ್ತಿಗೆಯಲ್ಲಿ ಟೇಪಿರಲಿಲ್ಲ, ಕೈಯಲ್ಲಿ ಸುರುಳಿ ಸುತ್ತಿದ ಶೀಟಿತ್ತು. ಬೈಯಲು ಬಂದಿದ್ದಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮಾಫ್ ಮಾಡಿ ಅಮ್ಮಾ. ನೀವು ಅಷ್ಟು ಚೆನ್ನಾಗಿ ಬರ್ಕೊಟ್ರಿ. ನಂಗೆ ಹಂಗೆ ಮಾಡೋಕೆ ಆಗ್ಲಿಲ್ಲ. ಮೂರನೇ ವರ್ಷದಲ್ಲಿ ಸೋತ್ಬಿಟ್ಟೆ."

ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಫ್ಲಾಪಿ, ಊದುಬತ್ತಿ, ಕೆಳಗಿನಿಂದ ಮೇಲಕ್ಕೆ ಹತ್ತುವ ಲೆಕ್ಕ, ಎಲ್ಲ. "ಅದೆಲ್ಲ ಸುಳ್ಳು ಮಾಸ್ಟರ್. ನಾನು ಸುಮ್ನೆ ಟೈಪ್ ಮಾಡಿದ್ದು. ನಿಮ್ಮ ತಪ್ಪು ಏನೂ ಇಲ್ಲ," ಅಂದೆ. ಅಳು ಬಂದಿತ್ತು.

ಮಾಸ್ಟರ್ ನನ್ನನ್ನೇ ನೋಡಿ ಮೆಲ್ಲಗೆ ನಕ್ಕರು. "ನಂಗೆ ಬೇಜಾರಾಗ್ಬಾರ್ದು ಅಂತ ಹಿಂಗೆ ಹೇಳ್ತೀರಿ. ನೀವು ದೊಡ್ಡ ಮನಸ್ಸಿನೋರು. ಬ್ಯಾಂಕ್ ಸೀಲ್ ಹಾಕಿರೋದು ಸುಳ್ಳು ಆಗುತ್ತಾ ಅಮ್ಮಾ?"

ಎಷ್ಟು ಹೇಳಿದರೂ ಅವರು ನಂಬಲಿಲ್ಲ. ನಿಜ ಹೇಳುವ ಹೊತ್ತನ್ನು ನಾನೇ ಕಳೆದುಕೊಂಡಿದ್ದೆ. ಸುರುಳಿಯನ್ನು ಮೇಜಿನ ಮೇಲಿಟ್ಟು ಕೇಳಿದರು, "ಇನ್ನೊಂದು ಬರ್ದು ಕೊಡ್ತೀರಾ? ಸಣ್ಣದು. ನನ್ನ ಕೈಲಿ ಆಗೋ ಅಷ್ಟು."

ಕಂಪ್ಯೂಟರಿನ ಮುಂದೆ ಕೂತೆ. ಫ್ಲಾಪಿ ಹಾಕಲಿಲ್ಲ. ಖಾಲಿ ಪುಟ ತೆರೆದು ಮೊದಲ ಸಲ ಒಬ್ಬ ಮನುಷ್ಯನನ್ನು ಕೇಳಿದೆ, "ದಿನಕ್ಕೆ ಎಷ್ಟು ಹೊಲೀತೀರಿ ಮಾಸ್ಟರ್?"

"ಒಬ್ನೇ ಕೂತ್ರೆ ಆರು ಶರ್ಟು. ಏಳನೇದಕ್ಕೆ ಹೋದ್ರೆ ಕಾಲರ್ ಕೆಡುತ್ತೆ."

"ಮಷೀನು?"

"ಒಂದಿದೆ. ಮನೇಲೇ ಇಟ್ಕೊಂಡಿದೀನಿ."

"ಕಾಜಾ?"

"ನಮ್ಮ ಮನೆಯಾಕೆ ಹಾಕ್ತಾಳೆ."

"ಬಾಡಿಗೆ ಎಷ್ಟು?"

ಅವರು ತಲೆಯೆತ್ತಿ ನನ್ನನ್ನು ನೋಡಿದರು. ದನಿಯಲ್ಲಿ ದೂರು ಇರಲಿಲ್ಲ. ಮೊದಲ ದಿನ ಪೆನ್ನು ಕೆಳಗಿಟ್ಟು ಕೇಳಿದ್ದರಲ್ಲ, ಅದೇ ದನಿ.

"ಯಾವ್ದಕ್ಕಮ್ಮಾ ಬಾಡಿಗೆ? ರೂಮ್ ಬಿಟ್ಟಿದೀವಲ್ಲ. ನೀವೇ ಬಿಡಿ ಅಂದ್ರಲ್ಲ."

ನಾನು ಬಾಡಿಗೆಯ ಮುಂದೆ ಸೊನ್ನೆ ಒತ್ತಿದೆ.