ಬಿಸಿಲಲ್ಲೂ ಕಾಣುವ ಕೆಂಪು ದೀಪ

ನನ್ನ ದೊಡ್ಡಪ್ಪ ಅಜಿತಪ್ರಸಾದ ಒಬ್ಬ ಡಿಜೆ. ವಯಸ್ಸು ಐವತ್ತಾರು, ಮಲಯಾಳ ಸೀಮೆಯ ಮಾನಂದವಾಡಿಯಿಂದ ಸ್ವಲ್ಪ ಆಚೆ ಕಾಫಿ, ಕಾಳುಮೆಣಸಿನ ತೋಟ, ಹಣೆಗೆ ಗಂಧ, ತಲೆಗೆ ಹಿಂದುಮುಂದಾಗಿ ಹಾಕಿದ ಕ್ಯಾಪು! ಕಾಲೇಜಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ನಂಬಲು ಇನ್ನೂ ಕಷ್ಟವಾದದ್ದು ಬೇರೆ ಇದೆ. ಈ ಡಿಜೆ ಮೂವತ್ತು ವರ್ಷದಲ್ಲಿ ಒಂದು ಸಲವೂ ಕತ್ತಲಾದ ಮೇಲೆ ಹಾಡು ಹಾಕಿದವರಲ್ಲ.

ನಾವು ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಮದುವೆಮನೆಯಾದರೂ ಅಷ್ಟೇ. ಹಾಗಾಗಿ ನಮ್ಮ ಮದುವೆಗಳಲ್ಲಿ ಕುಣಿತ ಮಧ್ಯಾಹ್ನ ಮೂರಕ್ಕೆ ಶುರು, ಐದಕ್ಕೆ ಬಂದ್. ಐದಕ್ಕೆ ಎಲೆ ಹಾಕಿದರೆ ಆರೂಕಾಲರೊಳಗೆ ಕೊನೆಯ ಪಂಕ್ತಿಯೂ ಎದ್ದಿರುತ್ತದೆ. ಆ ಎರಡು ಗಂಟೆ ದೊಡ್ಡಪ್ಪನದು. ಮೊದಲು ಹುಡುಗರಿಗೆ ಜೋರಿನ ಹಾಡು, ಆಮೇಲೆ ಕುರ್ಚಿ ಬಿಡದ ಅತ್ತೆ-ಮಾವಂದಿರನ್ನೂ ಎಬ್ಬಿಸುವ ಹಳೇ ಕನ್ನಡ ಯುಗಳಗೀತೆ, ಅದರ ಬಾಲಕ್ಕೆ ತಾಳ ತಪ್ಪದಂತೆ ಗಂಟು ಹಾಕಿದ ಮಲಯಾಳಂ ದೋಣಿಹಾಡು, ಕೊನೆಗೆ ಬೆವರು ಒರೆಸಿಕೊಂಡು ಕೈ ತೊಳೆಯಲು ಹೋಗುವಷ್ಟು ನಿಧಾನದ್ದು. ಅವರ ಒಂದು ಕಣ್ಣು ಮಿಕ್ಸರ್ ಮೇಲಿದ್ದರೆ ಇನ್ನೊಂದು ಸೂರ್ಯನ ಮೇಲೆ.

ಶುರುವಾದದ್ದು ಬಾಡಿಗೆ ಮೈಕ್ ಸೆಟ್ಟಿನಿಂದ. ಆಮೇಲೆ ಕ್ಯಾಸೆಟ್, ಸಿಡಿ, ಈಗ ಲ್ಯಾಪ್‌ಟಾಪ್. ಆದರೂ ಆ ದೋಣಿಹಾಡು ಮಾತ್ರ ಇವತ್ತಿಗೂ ಹಳೇ ಕ್ಯಾಸೆಟ್ ಡೆಕ್ಕಿನಿಂದಲೇ ಬರಬೇಕು. ಕಂಪ್ಯೂಟರಿಗೆ ಹಾಕಿದರೆ ಅದರ ನೀರು ಬತ್ತಿಹೋಗುತ್ತದಂತೆ!

ಹೋದ ನವೆಂಬರಿನಲ್ಲಿ ಕಿವಿಯ ಡಾಕ್ಟರು ಸಾಕು ಎಂದರು. ಎಡಗಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ ಕೂಗುತ್ತಿತ್ತು. ದೊಡ್ಡ ಸೌಂಡಿನ ಪಕ್ಕ ಇನ್ನು ನಿಲ್ಲಬಾರದು. ಜನವರಿಯಲ್ಲಿ ನಮ್ಮ ಸಂಬಂಧದ ಅಭಿನಂದನ್ ಅಣ್ಣನ ಮದುವೆ ಇತ್ತು, ಅದೊಂದು ಮುಗಿಸಿ ಸೆಟ್ಟು ಮಾರುತ್ತೇನೆ ಎಂದು ದೊಡ್ಡಪ್ಪ ಒಪ್ಪಿಕೊಂಡರು. ಒಂದು ದಿನ ಮೆಣಸು ಒಣಗಿಸಲು ಹರಡುತ್ತಿದ್ದಾಗ ನನ್ನನ್ನು ಕರೆದರು.

"ರಶ್ಮೀ, ಈ ಸಲದ್ದು ರೆಕಾರ್ಡ್ ಮಾಡ್ಬೇಕು ಮಾರಾಯ್ತಿ. ಒಳ್ಳೇ ಮಿಷನ್ ಯಾವ್ದು ನೋಡು."

"ಯಾಕೆ ದೊಡ್ಡಪ್ಪ, ಇನ್‌ಸ್ಟಾಗೆ ಹಾಕ್ತೀರಾ?"

"ಎಂತ ಇನ್‌ಸ್ಟಾ! ನಿನ್ ದೊಡ್ಡಮ್ಮನಿಗೆ."

ಆಗ ನನಗೆ ಹೊಳೆಯಿತು. ಕಮಲಾವತಿ ದೊಡ್ಡಮ್ಮ ನಮ್ಮ ಪೈಕಿಯ ಪ್ರತಿ ಮದುವೆಯಲ್ಲೂ ಅಡುಗೆ, ಬಡಿಸುವುದರ ಉಸ್ತುವಾರಿ. ಸೂರ್ಯನಿಗಿಂತ ಮೊದಲು ನಾನೂರು ಎಲೆ ಎತ್ತಿಸಬೇಕಾದವರು. ದೊಡ್ಡಪ್ಪ ಹಾಡು ಹಾಕುವ ಆ ಎರಡು ಗಂಟೆಯೂ ಅವರು ಒಲೆಯ ಮುಂದೆ!

"ಒಂದ್ ಸಲಾನೂ ಹೊರಗೆ ನಿಂತು ಕೇಳಿಲ್ಲ ಅವ್ಳು" ಎಂದರು ದೊಡ್ಡಪ್ಪ. "ಹೆಂಗಿತ್ತು ಅಂತ ಒಂದ್ಸಲ ಕೇಳ್ದೆ. ಗೋಡೆ ಡುಬ್ ಡುಬ್ ಅಂತಿತ್ತು ಅಂದ್ಲು. ಮೂವತ್ತು ವರ್ಷಕ್ಕೆ ಅಷ್ಟೇ ಕಣೇ. ಮನೇಲಿ ಕೂರ್ಸಿ ಒಂದ್ಸಲ ಪೂರ್ತಿ ಕೇಳಿಸ್ಬೇಕು."

ಇನ್ನು ನನ್ನನ್ನು ಹಿಡಿಯುವವರು ಯಾರು! ಮೊದಲು ನನ್ನ ಫೋನಿನಲ್ಲೇ ಪ್ರಯತ್ನಿಸಿದೆವು. ಬಾಸ್ ಬಂದ ಕೂಡಲೇ ಹಾಡು ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಚರಚರ ಒಡೆಯಿತು. ಲ್ಯಾಪ್‌ಟಾಪಿನೊಳಗೇ ರೆಕಾರ್ಡ್ ಮಾಡಿದರೆ ಲ್ಯಾಪ್‌ಟಾಪಿನ ಹಾಡು ಮಾತ್ರ ಬರುತ್ತಿತ್ತು. ಕ್ಯಾಸೆಟ್ಟಿನ ದೋಣಿಹಾಡೂ ಇಲ್ಲ, ಮೈಕ್ ಹಿಡಿದು ದೊಡ್ಡಪ್ಪ ಹೊಡೆಯುವ ಜೋಕುಗಳೂ ಇಲ್ಲ. ಎಲ್ಲವೂ ಸೇರುವುದು ಮಿಕ್ಸರಿನಲ್ಲಿ. ಅಂದರೆ ಮಿಕ್ಸರಿನಿಂದ ನೇರ ವೈರು ಎಳೆದು ಸಿಕ್ಕಿಸಬಹುದಾದ ಬೇರೆಯೇ ರೆಕಾರ್ಡರ್ ಬೇಕು. ನಾಲ್ಕು ದಿನ ಕ್ಲಾಸಿನ ಕೊನೆಯ ಬೆಂಚಲ್ಲಿ ಕೂತು ರಿವ್ಯೂ ಓದಿದೆ, ವಿಡಿಯೋ ನೋಡಿದೆ, ಒಂದನ್ನು ಮನಸ್ಸಲ್ಲೇ ಆರಿಸಿಬಿಟ್ಟೆ.

ಮಾನಂದವಾಡಿಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವ ಭಾಸ್ಕರನ್ ದೊಡ್ಡಪ್ಪನ ಹಳೇ ದೋಸ್ತು. ಕೋಳಿಕ್ಕೋಡಿನಿಂದ ಮೂರು ರೆಕಾರ್ಡರ್ ತರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ನನ್ನದು ಅಲ್ಲಿತ್ತು! ಕಪ್ಪಗೆ, ನುಣ್ಣಗೆ, ಪೂರ್ತಿ ಟಚ್‌ಸ್ಕ್ರೀನು. ಸೌಂಡ್ ಎಷ್ಟೇ ಜೋರಾದರೂ ಒಡೆಯುವುದಿಲ್ಲ, ಮಟ್ಟ ಹೊಂದಿಸುವ ತಲೆನೋವೇ ಇಲ್ಲ. ನಾನು ಉಸಿರು ಬಿಡದೆ ಅದರ ಗುಣಗಾನ ಮಾಡಿದೆ.

ದೊಡ್ಡಪ್ಪ ಮೂರನ್ನೂ ಎತ್ತಿಕೊಂಡು ಅಂಗಡಿಯಿಂದ ಹೊರಗೆ ನಡೆದರು.

"ಅಜಿತೇಟ್ಟಾ, ಎಲ್ಲಿಗೆ?" ಎಂದು ಭಾಸ್ಕರನ್ ಹಿಂದೆಯೇ ಓಡಿದರು.

ದೊಡ್ಡಪ್ಪ ರಸ್ತೆಯ ಪಕ್ಕ, ಸುಡುವ ಬಿಸಿಲಲ್ಲಿ ನಿಂತು ನನ್ನ ಚಂದದ ರೆಕಾರ್ಡರನ್ನು ನನ್ನ ಮುಖಕ್ಕೇ ಹಿಡಿದರು. "ಎಂತ ಕಾಣ್ತದೆ?"

ಸ್ಕ್ರೀನಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಮತ್ತೇನೂ ಇಲ್ಲ. ಆ ವಿಡಿಯೋ ಮಾಡಿದವರೆಲ್ಲ ಕತ್ತಲ ಕೋಣೆಯಲ್ಲಿ ಕೂತವರು, ರಾತ್ರಿಯ ಡಿಜೆಗಳು! ನಮ್ಮವರು ಮೂರು ಗಂಟೆಯ ಬಿಸಿಲಿನ ಡಿಜೆ.

"ಸ್ಟಾರ್ಟ್ ಆಯ್ತಾ ಇಲ್ವಾ ಅಂತ ನಂಗೆ ದೂರದಿಂದ ಗೊತ್ತಾಗ್ಬೇಕು. ಸಿಗೋದು ಒಂದೇ ಸಲ."

ಅವರು ಆರಿಸಿದ್ದು ಮೂರರಲ್ಲಿ ಕುರೂಪಿಯಾದದ್ದು. ಟಿವಿ ರಿಮೋಟಿನಂತೆ ಉದ್ದಕ್ಕೆ, ಬೆರಳಿಗೆ ಸಿಗುವ ದಪ್ಪ ಗುಂಡಿ, ತಲೆಯ ಮೇಲೆ ಗೋಲಿಯಷ್ಟು ದೊಡ್ಡ ಕೆಂಪು ದೀಪ. ಬಿಸಿಲಲ್ಲೂ ಧಗಧಗ ಉರಿಯುತ್ತಿತ್ತು.

"ಇದರಲ್ಲಿ ಒಂದ್ ಕಾರ್ಯ ನೆನಪಿರ್ಲಿ ಮೋಳೇ" ಎಂದು ಭಾಸ್ಕರನ್ ತಮ್ಮ ಮಲಯಾಳಂ ಬೆರೆತ ಕನ್ನಡದಲ್ಲಿ ಹೇಳಿ ಪಕ್ಕದ ಸಣ್ಣ ಸ್ವಿಚ್ ತೋರಿಸಿದರು. "ಲೈನ್ ಅಂದ್ರೆ ವೈರಿಂದ ಬರೋದು. ಮೈಕ್ ಅಂದ್ರೆ ಗಾಳೀಲಿ ಕೇಳೋದು. ಲೈನಲ್ಲಿ ಇಟ್ರೆ ಕುಳಪ್ಪ ಇಲ್ಲ, ಏನೂ ತೊಂದ್ರೆ ಆಗಲ್ಲ."

"ಗೊತ್ತು ಅಂಕಲ್" ಎಂದೆ ನಾನು, ಮುಖ ಊದಿಸಿಕೊಂಡು. ಮನೆಯಲ್ಲಿ ಎರಡು ಸಲ ಪರೀಕ್ಷೆ ಮಾಡಿದೆವು. ಹಾಡು ಸ್ಫಟಿಕದ ಹಾಗೆ ಬಂತು.

ಮದುವೆ ಅಭಿನಂದನ್ ಅಣ್ಣನ ಮನೆಯಲ್ಲೇ. ಕಾಫಿ ಒಣಗಿಸುವ ಸಿಮೆಂಟ್ ಕಣವನ್ನು ತೊಳೆದು ಚಪ್ಪರ ಹಾಕಿದ್ದರು. ಸ್ಪೀಕರುಗಳು ಕಣದ ಆ ತುದಿಯಲ್ಲಿ, ಡಿಜೆ ಮೇಜು ಈ ಅಂಚಿನಲ್ಲಿ, ಅದರ ಬೆನ್ನಿಗೆ ಬಿದಿರ ತಟ್ಟಿ, ತಟ್ಟಿಯ ಆಚೆ ಅಡುಗೆ. ಮೂರು ಗಂಟೆಗೆ ಬಿಸಿಲು ಓರೆಯಾಗಿ ನೇರ ಮೇಜಿನ ಮೇಲೆಯೇ ಬಿತ್ತು. ರೆಕಾರ್ಡರ್ ಕಾದುಹೋದೀತೆಂದು ದೊಡ್ಡಪ್ಪ ಅದನ್ನು ವೈರಿನ ಸಮೇತ ಹಿಂದಕ್ಕೆ ಎಳೆದು ತಟ್ಟಿಯ ಸಂದಿಗೆ ಸಿಕ್ಕಿಸಿ ನೆರಳಲ್ಲಿಟ್ಟರು. ಗುಂಡಿ ಒತ್ತಿದರು. ಕೆಂಪು ದೀಪ ಹತ್ತಿತು. ಎರಡು ಗಂಟೆಯಲ್ಲಿ ಹತ್ತು ಸಲವಾದರೂ ತಿರುಗಿ ನೋಡಿದರು, ಹತ್ತು ಸಲವೂ ದೀಪ ಉರಿಯುತ್ತಲೇ ಇತ್ತು. ಆ ಮಧ್ಯಾಹ್ನ ಅವರು ಹಾಡು ಹಾಕಿದ ರೀತಿ! ಎಪ್ಪತ್ತು ದಾಟಿದ ಅಜ್ಜಂದಿರು ಪಂಚೆ ಎತ್ತಿಕಟ್ಟಿ ದೋಣಿ ಹುಟ್ಟು ಹಾಕಿದರು, ನಾನು ಚಪ್ಪಲಿ ಕಳೆದುಕೊಂಡೆ, ಐದಕ್ಕೆ ಸರಿಯಾಗಿ ಎಲ್ಲ ನಿಂತಿತು. ದೊಡ್ಡಪ್ಪ ಕ್ಯಾಪು ತೆಗೆದು ಮಿಕ್ಸರಿನ ಮೇಲೆ ಇಟ್ಟರು. 

ಮರುದಿನ ಬೆಳಿಗ್ಗೆ ಅವರ ಮನೆಗೆ ಓಡಿದೆ. ದೊಡ್ಡಮ್ಮ ಉಳಿದ ಲಾಡುಗಳನ್ನು ಡಬ್ಬಿಗೆ ತುಂಬುತ್ತಿದ್ದರು. ದೊಡ್ಡಪ್ಪ ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡು, ಪಕ್ಕದಲ್ಲಿ ದೊಡ್ಡಮ್ಮನಿಗೆಂದೇ ಒಂದು ಕುರ್ಚಿ ಇಟ್ಟು ಕಾಯುತ್ತಿದ್ದರು. ಸರಿಯಾಗಿ ಬಂದಿದೆಯೋ ನೋಡೋಣ ಎಂದು ಮೊದಲು ತಾವೇ ಕಿವಿಗೆ ಹಚ್ಚಿದರು. ಅವರ ಮುಖ ನೋಡುತ್ತಿದ್ದ ಹಾಗೆ ಇಳಿಯಿತು.

"ಇದೆಂತದು? ಬರೀ ಪಾತ್ರೆ ಸದ್ದು!"

ರೆಕಾರ್ಡರಿನ ಪಕ್ಕ ನೋಡಿದೆ. ಸ್ವಿಚ್ ಮೈಕ್ ಕಡೆಗಿತ್ತು. ಮದುವೆಯ ಬೆಳಿಗ್ಗೆ ಮೊದಲಿಗೊಂದು ಪೀಠಿಕೆ ಇರಲೆಂದು ನನ್ನ ದನಿಯಲ್ಲಿ 'ಇದು ನಮ್ಮ ದೊಡ್ಡಪ್ಪನ ಕೊನೆಯ ಸೆಟ್' ಎಂದು ಹೇಳಿ ರೆಕಾರ್ಡ್ ಮಾಡಿದ್ದೆ. ಅದಕ್ಕೆ ಮೈಕಿಗೆ ತಿರುಗಿಸಿದವಳು ವಾಪಸ್ ಲೈನಿಗೆ ತಂದಿರಲೇ ಇಲ್ಲ. ಆ ದೀಪ ರೆಕಾರ್ಡ್ ಆಗುತ್ತಿದೆ ಎಂದಷ್ಟೇ ಹೇಳುತ್ತದೆ, ಏನು ರೆಕಾರ್ಡ್ ಆಗುತ್ತಿದೆ ಎಂದು ಹೇಳುವುದಿಲ್ಲ. ಇದ್ದ ಒಂದೇ ಅವಕಾಶ, ಹಾಳು ಮಾಡಿದವಳು ನಾನು.

"ದೊಡ್ಡಪ್ಪ, ನಾನೇ..." ಎಂದು ಅಳುವಷ್ಟರಲ್ಲಿ ಅವರು ಕೈ ಎತ್ತಿ ನನ್ನನ್ನು ತಡೆದರು. ಬಲಗಿವಿಯನ್ನು ಒತ್ತಿ ಹಿಡಿದಿದ್ದರು. ಆಮೇಲೆ ಹೆಡ್‌ಫೋನಿನ ಒಂದು ಬದಿಯನ್ನು ನನ್ನ ಕಡೆ ತಿರುಗಿಸಿದರು.

ದೂರದಲ್ಲೆಲ್ಲೋ ಡುಬ್ ಡುಬ್. ಹತ್ತಿರದಲ್ಲಿ ಸೌಟು, ಕೊಪ್ಪರಿಗೆ. ಅದರ ನಡುವೆ ಸ್ಪಷ್ಟವಾಗಿ ದೊಡ್ಡಮ್ಮನ ದನಿ:

"ಹುಡುಗ್ರ ಹಾಡು ಇನ್ನೂ ಎರಡಿದೆ. ಅಕ್ಕಿ ಈಗ್ಲೇ ಹಾಕ್ಬೇಡಿ."

"ನಿಮ್ಗೆ ಹೆಂಗ್ ಗೊತ್ತು ಅತ್ತೆ?" ಇದು ಅಭಿನಂದನ್ ಅಣ್ಣನ ತಂಗಿ ಪ್ರಿಯಾಂಕ.

"ಗಡಿಯಾರ ನೋಡಿ ಅಡುಗೆ ಮಾಡ್ತೀನಿ ಅಂದ್ಕೊಂಡ್ಯಾ? ತಡಿ, ಈಗ ನಮ್ ಮನೆಯವರು ಮೈಕ್ ಹಿಡೀತಾರೆ. ಮಂಡಿನೋವಿರೋರು ಮುಂದೆ ಬನ್ನಿ ಅಂತಾರೆ ನೋಡು."

ಎರಡು ಉಸಿರಿನಷ್ಟು ಹೊತ್ತು. ಆಮೇಲೆ ದೂರದಿಂದ ದೊಡ್ಡಪ್ಪನ ದನಿ: "ಮಂಡಿನೋವಿರೋರು ಮುಂದೆ ಬನ್ನಿ!" ಇಡೀ ಅಡುಗೆಮನೆ ಬಿದ್ದು ಬಿದ್ದು ನಕ್ಕಿತು.

ಯುಗಳಗೀತೆ ಶುರುವಾದಾಗ, "ಹಪ್ಪಳದ ಎಣ್ಣೆ ಇಡು." ಅದು ಮುಗಿಯುತ್ತ ಬಂದಾಗ, "ಶ್! ಪಾತ್ರೆ ಸದ್ದು ನಿಲ್ಸಿ. ಇಲ್ಲೇ ದೋಣಿಹಾಡು ಸೇರಿಸ್ತಾರೆ." ಒಂದೊಂದಾಗಿ ಸೌಟುಗಳು ಸುಮ್ಮನಾದವು. ತಟ್ಟಿಯ ಆಚೆಯಿಂದ ಎರಡು ಹಾಡು ಒಂದಕ್ಕೊಂದು ಹೊಕ್ಕುಕೊಂಡವು. "ಹಾಂ" ಎಂದಿತು ದೊಡ್ಡಮ್ಮನ ದನಿ. "ಸೇರ್ತು. ಹಪ್ಪಳ ಬಿಡು."

ದೊಡ್ಡಪ್ಪ ಮೂಗು ಒರೆಸಿಕೊಂಡರು. "ಕಮಲಾ, ಇಲ್ಲಿ ಬಾ."

ದೊಡ್ಡಮ್ಮ ಲಾಡು ಅಂಟಿದ ಕೈಯಲ್ಲೇ ಬಂದು ಕೂತರು. ಕೇಳುತ್ತ ಕೇಳುತ್ತ ಮೊಣಕೈಯಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ, ಇದ್ಯಾವಾಗ ಹಿಡೀತು! ತೆಗೀರಿ ಅತ್ಲಾಗೆ!"

"ಗೋಡೆ ಡುಬ್ ಡುಬ್ ಅಂತಿತ್ತು ಅಂದಿದ್ಯಲ್ಲ?"

"ಮತ್ತೆ? ಚೆನ್ನಾಗಿತ್ತು ಅಂದಿದ್ರೆ ತೋಟ ಬಿಟ್ಟು ದಿನಾ ಅದನ್ನೇ ಮಾಡ್ತಿದ್ರಿ."

ನಾನು ಧೈರ್ಯ ಮಾಡಿ, ಕಂಪ್ಯೂಟರಿನಲ್ಲಿ ಪಾತ್ರೆ ಸದ್ದು ತೆಗೆದು ಹಾಡನ್ನು ಸ್ವಲ್ಪ ಎತ್ತಿಕೊಡುತ್ತೇನೆ ಎಂದೆ.

"ಮುಟ್ಟಿದ್ರೆ ನೋಡು!" ಎಂದರು ದೊಡ್ಡಪ್ಪ.

ಅಷ್ಟರಲ್ಲಿ ರೆಕಾರ್ಡು ಕೊನೆಗೆ ಬಂದಿತ್ತು. ಹಾಡು ನಿಂತದ್ದೇ ದೊಡ್ಡಮ್ಮನ ದನಿ: "ಅಯ್ಯ, ಬೇಗ ಬಿಟ್ರು! ಇನ್ನೂ ನಾಲ್ಕು ನಿಮಿಷ ಇತ್ತಲ್ಲ."

"ಬೇಗ ಎಲ್ಲಿ? ಸೂರ್ಯ ಇಳೀತಿದ್ದ ಕಣೇ!"

"ಸಾರು ಇನ್ನೂ ಕುದ್ದಿರ್ಲಿಲ್ಲ. ನಾಲ್ಕು ನಿಮಿಷ ಇತ್ತು. ನಂಗೊತ್ತಿಲ್ವಾ?"

"ಸೂರ್ಯನ್ನ ನೋಡ್ತಿದ್ದೋನು ನಾನು!"

"ಹಿಂದಕ್ಕೆ ಹಾಕಿ. ಆ ದೋಣಿಹಾಡಿಂದ ಎಣಿಸೋಣ."

ದೊಡ್ಡಪ್ಪ ಹಿಂದಕ್ಕೆ ಹಾಕಿದರು. ಹೆಡ್‌ಫೋನಿನ ಬಲಬದಿ ಅವರ ಒಳ್ಳೆಯ ಕಿವಿಗೆ, ಎಡಬದಿ ದೊಡ್ಡಮ್ಮನ ಕಿವಿಗೆ. ಇಬ್ಬರೂ ಬೆರಳು ಮಡಚುತ್ತ ನಿಮಿಷ ಎಣಿಸತೊಡಗಿದರು. ನಾನು ಒಂದು ಲಾಡು ಎತ್ತಿಕೊಂಡು ಜಗಲಿಗೆ ಹೋಗಿ ಕೂತೆ.