ಹಸಿ ನೂಲು

೧೯೯೮ನೆಯ ಇಸವಿ. ನನಗೆ ಆಗ ಇಪ್ಪತ್ತಾರು ವರ್ಷ. ಇವೆರಡನ್ನು ಮೊದಲೇ ನಮೂದಿಸುತ್ತಿದ್ದೇನೆ, ಏಕೆಂದರೆ ಇದರ ನಂತರದ ಸಂಗತಿಗಳನ್ನು ನನ್ನ ನೆನಪು ಇಷ್ಟು ಶಿಸ್ತಿನಿಂದ ಒಪ್ಪಿಸಲಾರದು.

ಕಳೆದ ವಾರ ಬೀರುವಿನ ಮೇಲಿನ ಅರೆಯನ್ನು ಒರೆಸುವಾಗ ಹಳೆಯ ಪಾಲಿಯೆಸ್ಟರ್ ಸೀರೆಯ ತುಂಡೊಂದು ಕೈಮೇಲೆ ಜಾರಿ ಬಿತ್ತು. ನೇರಳೆ ಬಣ್ಣ, ಅದರ ಮೇಲೆ ಬಿಳಿಯ ಸಣ್ಣ ಹೂಗಳು. ಇಷ್ಟು ವರ್ಷಗಳಾದರೂ ಬಣ್ಣ ಎಳ್ಳಷ್ಟೂ ಮಾಸಿಲ್ಲ. ಅಲ್ಲಲ್ಲಿ ಸಾಸಿವೆ ಗಾತ್ರದ ತೂತುಗಳಿವೆ. ಬೆರಳಾಡಿಸಿದರೆ ಪ್ರತಿಯೊಂದು ತೂತಿನ ಅಂಚೂ ಕರಗಿ ಗಟ್ಟಿಯಾದ ಮಣಿಯಂತೆ ತಗಲುತ್ತದೆ. ಮೂಗಿನ ಹತ್ತಿರ ಹಿಡಿದೆ. ಬೇಯಿಸಿದ ಗೂಡಿನ ವಾಸನೆ, ಬಹಳ ದೂರದಿಂದ ಬಂದಂತೆ, ಇನ್ನೂ ಇತ್ತು...

ಆ ಸೀರೆ ಉಡುತ್ತಿದ್ದವರು, ಶಿಡ್ಲಘಟ್ಟದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಎದುರು ಮನೆಯವರು. ನಾನು ಅವರನ್ನು ಅಮ್ಮ ಎಂದು ಕರೆಯುತ್ತಿದ್ದೆ. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಮನೆಯ ಮುಂಭಾಗದಲ್ಲೇ ಚರಕ ಹೂಡಿಕೊಂಡು ರೇಷ್ಮೆಗೂಡಿನಿಂದ ನೂಲು ಬಿಚ್ಚುತ್ತಿದ್ದರು. ಒಲೆಯ ಮೇಲೆ ಕುದಿಯುವ ನೀರು, ಅದರಲ್ಲಿ ಹೊರಳುವ ಹಳದಿ ಗೂಡುಗಳು. ಕಡ್ಡಿಯಿಂದ ಕೆದಕಿ, ಕಣ್ಣಿಗೆ ಕಾಣದಂಥ ಎಳೆಗಳ ತುದಿಗಳನ್ನು ಹಿಡಿದು, ಹಲವನ್ನು ಕೂಡಿಸಿ ಒಂದೇ ನೂಲಾಗಿ ಚರಕಕ್ಕೆ ಏರಿಸುವರು. ಅವರ ಬೆರಳ ತುದಿಗಳು ಸದಾ ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು.

ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಉಪಾಧ್ಯಾಯನಾಗಿ ಆಗಷ್ಟೇ ಸೇರಿದ್ದೆ. ಕೋಣೆಗೆ ಬಂದ ಮೊದಲ ದಿನವೇ ಆ ವಾಸನೆಗೆ ಕಿಟಕಿ ಮುಚ್ಚಿದೆ. ಅವರು ಬೀದಿಯ ಆಚೆಯಿಂದಲೇ ನೋಡಿದರು.

"ಏಮಪ್ಪಾ ಮೇಷ್ಟ್ರೇ, ನಿನ್ ಮೂಗು ಪಾಠ ಹೇಳೋಕ್ ಸರಿ, ಈ ಬೀದಿಗ್ ಸರಿಯಿಲ್ಲ. ಎಷ್ಟ್ ದಿನ ಅಂತ ಮುಚ್ಕೊಂಡಿರ್ತೀಯ?"

ಮರುದಿನ ಕಿಟಕಿ ತೆರೆದೆ. ಸಂಜೆ ಶಾಲೆಯಿಂದ ಬಂದ ಮೇಲೆ ಅವರ ಜಗಲಿಯ ಮೇಲೆ ಕುಳಿತು ಉತ್ತರ ಪತ್ರಿಕೆಗಳನ್ನು ತಿದ್ದುವುದು ಕ್ರಮೇಣ ರೂಢಿಯಾಯಿತು. ಅವರು ನೂಲು ಬಿಚ್ಚುವರು, ನಾನು ತಪ್ಪುಗಳಿಗೆ ಕೆಂಪು ಗೆರೆ ಎಳೆಯುವೆನು. ಇಬ್ಬರೂ ಹೆಚ್ಚು ಮಾತನಾಡುತ್ತಿರಲಿಲ್ಲ. ಮಾತಿಲ್ಲದೆಯೂ ಜೊತೆಗಿರಬಹುದೆಂದು ನನಗೆ ತಿಳಿದದ್ದು ಆ ಜಗಲಿಯ ಮೇಲೆ. ಆಮೇಲೆ ಅಂಥ ಜಾಗ ಮತ್ತೊಂದು ಸಿಕ್ಕಲಿಲ್ಲ.

ದಿನವಿಡೀ ರೇಷ್ಮೆಯ ಜೊತೆಗಿರುವ ಅವರು ಉಡುತ್ತಿದ್ದುದು ಮಾತ್ರ ಪಾಲಿಯೆಸ್ಟರ್ ಸೀರೆ. ಕಾರಣ ಕೇಳಿದಾಗ, "ರೇಷ್ಮೆ ಉಟ್ಕೊಂಡು ಒಲೆ ಮುಂದೆ ಕೂತ್ಕೊಳ್ಲಾ? ಇದಾದ್ರೆ ಒಗ್ದು ಜಾಡಿಸಿದ್ರೆ ಒಣಗ್ತದೆ" ಎಂದಿದ್ದರು. ಒಲೆಯ ಕಿಡಿ ಸಿಡಿದಾಗಲೆಲ್ಲ ಆ ಸೀರೆಗೊಂದು ತೂತು ಬೀಳುತ್ತಿತ್ತು. ಅವರು ಅಲ್ಲಿಗೆ ಒದ್ದೆ ಬೆರಳು ಒತ್ತಿ ಕೆಲಸ ಮುಂದುವರಿಸುತ್ತಿದ್ದರು.

ಎರಡು ವರ್ಷಗಳ ನಂತರ ನನಗೆ ಗೌರಿಬಿದನೂರಿನ ಕಡೆಯ ಹೆಣ್ಣಿನ ಮಾತು ಬಂತು. ಹುಡುಗಿಯ ತಂದೆ ಅಲ್ಲಿನ ಬಟ್ಟೆ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು. ಆ ಬೀದಿಯಲ್ಲೊಂದು ಪದ್ಧತಿಯಿತ್ತು. ಹೆಣ್ಣುಮಗಳಿರುವ ಮನೆಯವರು ಒಳ್ಳೆಯ ಗೂಡು ಸಿಕ್ಕಿದಾಗಲೆಲ್ಲ ಒಂದು ಲಡಿ ನೂಲನ್ನು ಮಾರದೆ ಎತ್ತಿಡುತ್ತಿದ್ದರು, ಅವಳ ಮದುವೆಯ ಸೀರೆಗೆಂದು. ಹಾಗೆ ಎತ್ತಿಟ್ಟ ನೂಲನ್ನು ಬೇಯಿಸುತ್ತಿರಲಿಲ್ಲ. ಗೂಡು ಕಟ್ಟುವಾಗ ಹುಳು ಎಳೆಗೆ ಮೆತ್ತಿದ ಅಂಟು ನೂಲಿನ ಮೇಲೆ ಹಾಗೆಯೇ ಉಳಿದಿರುತ್ತದೆ. ಅದು ಇರುವವರೆಗೆ ನೂಲು ಬಿರುಸಾಗಿ, ಹಳದಿಯಾಗಿ, ಕೆಡದೆ ಇರುತ್ತದೆ. ಸೋಪಿನ ನೀರಿನಲ್ಲಿ ಬೇಯಿಸಿದರೆ ಅಂಟು ಬಿಟ್ಟು ನೂಲು ಬೆಳ್ಳಗೆ, ಮೆತ್ತಗೆ ಆಗುತ್ತದೆ. ಬೇಯಿಸುವುದು ಮದುವೆ ಗಟ್ಟಿಯಾದ ಮೇಲೆಯೇ.

ಅಮ್ಮ ನನ್ನ ಹೆಂಡತಿಯಾಗುವವಳ ಸೀರೆಗೆಂದು ಲಡಿ ಎತ್ತಿಡತೊಡಗಿದರು. ಪಕ್ಕದ ಚರಕದ ಹೆಂಗಸರು ನಕ್ಕರು. "ಗಂಡು ಹುಡುಗನಿಗೆ ಯಾರಾದ್ರೂ ಎತ್ತಿಡ್ತಾರಾ?"

"ನಮ್ಮ ಮೇಷ್ಟ್ರು ಹೆಣ್ಣುಮಕ್ಕಳಿಗಿಂತ ನಾಚ್ಕೊಳ್ತಾನೆ ಕಣೇ. ಎತ್ತಿಡ್ದೆ ಏನ್ ಮಾಡ್ಲಿ?"

ಮದುವೆ ನಡೆಯಲಿಲ್ಲ. ಸಾಲಾವಳಿ ಕೂಡಲಿಲ್ಲವೆಂದು ಮಧ್ಯಸ್ಥರ ಮೂಲಕ ಹೇಳಿ ಕಳುಹಿಸಿದರು. ನಿಜವಾದ ಕಾರಣವೇನೆಂದು ನನಗೆ ಇಂದಿಗೂ ತಿಳಿಯದು. ಅಮ್ಮ ನೀರಿನಿಂದ ಕೈ ತೆಗೆಯದೆಯೇ ಕೇಳಿಸಿಕೊಂಡರು.

"ಸಾಲಾವಳಿ ಕೂಡ್ಲಿಲ್ಲ ಅಂದ್ರೆ ಮೇಷ್ಟ್ರು ಕೂಡ್ಲಿಲ್ಲ ಅಂತ ಕಣಪ್ಪ. ಬೇಜಾರ್ ಮಾಡ್ಕೋಬೇಡ. ಬಾ, ಊಟ ಮಾಡು."

ಊಟದ ನಂತರ, ಎತ್ತಿಟ್ಟ ಲಡಿಗಳನ್ನು ಮಾರಿಬಿಡಿ ಎಂದೆ.

"ಇನ್ಮೇಲೆ ಎತ್ತಿಡಲ್ಲ ಬಿಡು. ಇಟ್ಟಿರೋದು ಇರ್ಲಿ. ಹಸಿ ನೂಲು ಕಾಯ್ತದೆ."

ಆನಂತರದ ವರ್ಷಗಳನ್ನು ಒಂದೊಂದಾಗಿ ಬೇರ್ಪಡಿಸಿ ಹೇಳುವುದು ಕಷ್ಟ. ಬೇರೆ ಕಡೆಗಳಿಂದ ಮಾತುಗಳು ಬಂದವು, ಹೋದವು. ಆಮೇಲೆ ಬರುವುದೂ ನಿಂತಿತು. ಊರಿನಲ್ಲಿ ದೊಡ್ಡ ಯಂತ್ರಗಳು ಬಂದವು. ಅಮ್ಮನ ಕಣ್ಣು ಮಂದವಾಯಿತು. ಒಳ್ಳೆಯ ಗೂಡಿಗೆ ಮಾರುಕಟ್ಟೆಯಲ್ಲಿ ಹರಾಜು ಕೂಗಲಾರದೆ, ಬೇರೆಯವರು ಬಿಟ್ಟ ಕಲೆ ಗೂಡುಗಳನ್ನೂ ಜೋಡಿ ಗೂಡುಗಳನ್ನೂ ತರತೊಡಗಿದರು. ಎರಡು ಹುಳುಗಳು ಕೂಡಿ ಒಂದೇ ಗೂಡು ಕಟ್ಟಿಕೊಂಡರೆ ಅದು ಜೋಡಿ ಗೂಡು. ಅವುಗಳ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ನೂಲು ಗಂಟುಗಂಟಾಗಿ ಬರುತ್ತದೆ. ಅಂಥ ಗೂಡೊಂದನ್ನು ಅವರು ನನ್ನ ಅಂಗೈ ಮೇಲಿಟ್ಟು, "ನೋಡು, ಇವಕ್ಕೂ ಒಬ್ಬೊಬ್ರೇ ಇರೋಕ್ ಬೇಜಾರು" ಎಂದಿದ್ದರು.

೨೦೧೨ರಲ್ಲಿ ಚರಕ ಬಿಚ್ಚಿಟ್ಟು, ಅಂಬಾಜಿದುರ್ಗದ ತಪ್ಪಲಿನ ಹಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೊರಟರು. ಹೊರಡುವ ದಿನ ನೇರಳೆ ಸೀರೆಯಲ್ಲಿ ಬಿಗಿಯಾಗಿ ಸುತ್ತಿ ಹೊಲಿದ ಗಂಟೊಂದನ್ನು ನನ್ನ ಕೈಗಿತ್ತರು. "ಬಿಸಿಲು ಗಾಳಿ ತಗಲ್ಬಾರ್ದು, ಬಿಚ್ಚಬೇಡ. ಹುಡುಗಿ ಸಿಕ್ಕಿದ್ ದಿನ ಬೇಯ್ಸು." ನನಗಾಗ ನಲವತ್ತು. ಬಸ್ಸು ಹೊರಟಿತು. ಕೋಣೆಗೆ ಹಿಂದಿರುಗಿದಾಗ ಎದುರು ಮನೆಯ ಒಲೆ ಆರಿತ್ತು. ಅಭ್ಯಾಸಬಲದಿಂದ ಕಿಟಕಿಯನ್ನು ಮಾತ್ರ ತೆರೆದಿಟ್ಟೆ...

ಶಾಲೆ ಮುಚ್ಚಿದ ಮೇಲೆ ನಾನು ಚಿಕ್ಕಬಳ್ಳಾಪುರಕ್ಕೆ ಬಂದೆ. ಇಲ್ಲಿನ ಮುದ್ರಣಾಲಯವೊಂದಕ್ಕೆ ಕರಡು ತಿದ್ದಿಕೊಡುತ್ತೇನೆ. ವರ್ಷಕ್ಕೊಮ್ಮೆ ಚಿಂತಾಮಣಿಯ ಬಸ್ಸು ಹತ್ತಿ ಅವರನ್ನು ನೋಡಿ ಬರುತ್ತಿದ್ದೆ. ಪ್ರತಿ ಸಲವೂ ಅದೇ ಪ್ರಶ್ನೆ: "ಬೇಯಿಸ್ಲಿಲ್ವಾ ಇನ್ನೂ?" ಪ್ರತಿ ಸಲವೂ ನನ್ನದು ಅದೇ ಉತ್ತರ. ಕೊನೆಯ ಭೇಟಿಯ ಹೊತ್ತಿಗೆ ಅವರಿಗೆ ಕಣ್ಣು ಪೂರ್ತಿಯಾಗಿ ಹೋಗಿತ್ತು. ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿದರು.

"ಮೇಷ್ಟ್ರಾ? ಇನ್ನೂ ಟೆರಿಕಾಟಲ್ಲೇ ಇದ್ದೀಯಲ್ಲಪ್ಪ."

ಆ ದಿನ ನೂಲಿನ ವಿಷಯ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತೆಂದು ಹಿಂದಿರುಗುವ ದಾರಿಯಲ್ಲಿ ಕೈವಾರ ದಾಟುವವರೆಗೂ ಅಂದುಕೊಂಡೆ. ಅದರ ಮರುವರ್ಷ ತಂಗಿಯವರು ಫೋನು ಮಾಡಿ ಸುದ್ದಿ ತಿಳಿಸಿದರು. ನಾನು ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ಗಂಟು ಬೀರುವಿನಲ್ಲೇ ಇತ್ತು. ಬೇಯಿಸಿದರೆ ಕಾಯುವುದು ಮುಗಿಯಿತೆಂದು ಒಪ್ಪಿಕೊಂಡಂತೆ. ಬೇಯಿಸದಿದ್ದರೆ ಅವರ ಕೈಯಿಂದ ಬಂದ ನೂಲು ಎಂದೆಂದಿಗೂ ಬಟ್ಟೆಯಾಗುವುದಿಲ್ಲ. ತಿಂಗಳುಗಟ್ಟಲೆ ಯೋಚಿಸಿದೆ. ಕೊನೆಗೆ ಗಂಟನ್ನು ಚೀಲಕ್ಕೆ ಹಾಕಿಕೊಂಡು ಚಿಂತಾಮಣಿ ಕಡೆಯ ಒಂದು ಮಗ್ಗದ ಮನೆಗೆ ಹೋದೆ.

ನೇಕಾರರು ಹೊಲಿಗೆ ಬಿಚ್ಚಿ ಲಡಿಗಳನ್ನು ಚಾಪೆಯ ಮೇಲೆ ಹರಡಿದರು. ನಾನು ಎಣಿಸಿದ್ದಕ್ಕಿಂತ ಬಹಳ ಹೆಚ್ಚಿದ್ದವು. ಅವರು ಒಂದೊಂದನ್ನೂ ಬೆರಳಿನಿಂದ ಎಳೆದು ನೋಡುತ್ತ ಎರಡು ಗುಂಪು ಮಾಡಿದರು.

"ಇವು ಒಬ್ರು ಬಿಚ್ಚಿದ್ದು ಸಾರ್, ಎಷ್ಟ್ ಸಮ ಇದೆ ನೋಡಿ. ಇವು ಇನ್ಯಾರೋ. ದಪ್ಪ ಸಣ್ಣ, ಬರೀ ಗಂಟು."

"ಎರಡೂ ಒಬ್ಬರೇ ಬಿಚ್ಚಿದ್ದು" ಎಂದೆ.

ಅವರು ನನ್ನನ್ನೊಮ್ಮೆ, ನೂಲನ್ನೊಮ್ಮೆ ನೋಡಿದರು. "ಹಂಗಾದ್ರೆ ನಡುವೆ ಶಾನೆ ವರ್ಷ ಆಗ್ಬೇಕು."

ಆಗಿತ್ತು. ಇನ್ನು ಎತ್ತಿಡುವುದಿಲ್ಲ ಎಂದು ಹೇಳಿದವರು ನಿಲ್ಲಿಸಿರಲಿಲ್ಲ. ಕಣ್ಣು ಮಂದವಾದ ಮೇಲೂ, ಜೋಡಿ ಗೂಡು ಬಿಟ್ಟರೆ ಬೇರೆ ಸಿಕ್ಕದ ಕಾಲದಲ್ಲೂ, ನನ್ನ ಮದುವೆಯ ಯಾವ ಸುದ್ದಿಯೂ ಇಲ್ಲದ ವರ್ಷಗಳಲ್ಲೂ, ನನಗೆ ಹೇಳದೆ ಎತ್ತಿಡುತ್ತಲೇ ಬಂದಿದ್ದರು. ನಾನು ಆಸೆ ಬಿಟ್ಟ ಮೇಲೂ ಅವರು...

"ಸೀರೆಗೆ ಆಗೋವಷ್ಟಿದೆ. ಬಣ್ಣ ಯಾವ್ದು ಹಾಕ್ಸೋಣ?"

"ಸೀರೆ ಬೇಡ. ಬಣ್ಣವೂ ಬೇಡ. ಹೊದೆಯುವುದಕ್ಕೆ ಒಂದು ದುಪ್ಪಟಿ ನೇಯ್ದುಕೊಡಿ."

"ಒಂದೇನಾ?"

"ಒಂದೇ."

"ಬೇಯಿಸ್ಲಾ ಹಂಗಾದ್ರೆ? ಬೇಯಿಸಿದ್ಮೇಲೆ ತಿರ್ಗಾ ಹಸಿ ಆಗಲ್ಲ ಸಾರ್, ಆಮೇಲ್ ಕೇಳ್ಬೇಡಿ."

"ಬೇಯಿಸಿ" ಎಂದೆ. ಹಂಡೆಯ ಪಕ್ಕದಲ್ಲೇ ನಿಂತಿದ್ದೆ. ಹಳದಿಯೆಲ್ಲ ನೀರಿಗೆ ಬಿಟ್ಟಿತು, ಆ ಹಳೆಯ ವಾಸನೆ ಎದ್ದಿತು, ಮತ್ತೆ ಸೋಪಿನ ಘಾಟಿನಲ್ಲಿ ಅಡಗಿತು. ಸಮನಾದ ನೂಲನ್ನು ಅವರು ಮಗ್ಗದ ಉದ್ದಕ್ಕೆ ಹಾಸಾಗಿ ಹೂಡಿದರು. ಗಂಟುಗಂಟಾದುದನ್ನು ಅಡ್ಡ ಎಳೆಯ ಹೊಕ್ಕಿಗೆ ಇಟ್ಟುಕೊಂಡರು. ಹಾಸು ಜಗ್ಗಾಟ ತಡೆಯಬೇಕು, ಹೊಕ್ಕಿಗೆ ಆ ಭಾರವಿಲ್ಲ ಎಂದು ವಿವರಿಸಿದರು.

ಚಳಿಗಾಲದ ಬೆಳಗುಗಳಲ್ಲಿ ಅದನ್ನು ಹೊದ್ದು ಕರಡು ತಿದ್ದುತ್ತೇನೆ. ಬಹಳ ಮೆತ್ತಗಿದೆ, ಕತ್ತಿನ ಬಳಿ ಮಾತ್ರ ಹೊಕ್ಕಿನ ಗಂಟುಗಳು ಒಂದೊಂದಾಗಿ ತಗಲುತ್ತವೆ. ನಾನು ಕೂರುವ ಕಿಟಕಿಯ ಎದುರು ಈಗ ಮನೆಯಿಲ್ಲ, ಒಂದು ಖಾಲಿ ನಿವೇಶನವಿದೆ. ಬಂದು ಕೇಳುವವರೂ ಇಲ್ಲ. ಯಾರಾದರೂ ಕೇಳಿದರೆ ಹೇಳಲು ಉತ್ತರವಂತೂ ಇದೆ. ಬೇಯಿಸಿದೆನಮ್ಮ, ೨೦೨೩ನೆಯ ಇಸವಿ, ನವೆಂಬರ್ ತಿಂಗಳ ಹದಿನೇಳನೆಯ ತಾರೀಖಿನಂದು.